ತೋಟೆ, ಮದ್ದು, ಕೇಪು: ಮೂರನ್ನೂ ಒಂದೇ ಬೀರುವಿನಲ್ಲಿ ಇಡಬಹುದೇ?

ಪ್ರಶ್ನೆ: ನಾವು ಬೆಂಗಳೂರಿನ ರಾಜಾಜಿನಗರದಲ್ಲಿದ್ದೇವೆ. ಊರಿನ ತೋಟದ ಬೆಳೆ ರಕ್ಷಣೆಗೆಂದು ಪಡೆದ ಕೋವಿ ಪರವಾನಗಿ ನನ್ನ ಹೆಸರಿನಲ್ಲಿದೆ. 12 ಬೋರ್ ಕೋವಿಯ ತೋಟೆಗಳ (ಕಾರ್ಟ್ರಿಜ್) ಜೊತೆಗೆ ಕೇಪಿನ ಕೋವಿಯ ಮದ್ದು (ಸಿಡಿಪುಡಿ), ಅದನ್ನು ಹೊತ್ತಿಸುವ ಪುಟ್ಟ ಕೇಪುಗಳೂ ಮನೆಯಲ್ಲಿವೆ. ಎಲ್ಲವನ್ನೂ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಸಾಕಲ್ಲವೇ?

ಉತ್ತರ: ಸಾಲದು. ಬೀಗ ಬೇಕೇ ಬೇಕು. ಆದರೆ ಈ ಮೂರರ ಸ್ವಭಾವ ಬೇರೆ ಬೇರೆಯಾಗಿರುವುದರಿಂದ ಮೂರನ್ನೂ ಒಂದೆಡೆ ಕೂಡಿಡುವುದು ಅಪಾಯಕರ.

ಮೊದಲು ಮದ್ದಿನ ವಿಷಯ. ಬಯಲಲ್ಲಿ ಭುಗ್ಗೆಂದು ಉರಿದುಹೋಗುವ ಮದ್ದು, ಗಾಳಿಯಾಡದಂತೆ ಬಿಗಿದ ಉಕ್ಕಿನ ಪೆಟ್ಟಿಗೆಯೊಳಗೆ ಹೊತ್ತಿಕೊಂಡರೆ ಅನಿಲಕ್ಕೆ ಹೊರದಾರಿ ಸಿಗದೆ ಪೆಟ್ಟಿಗೆಯನ್ನೇ ಸಿಡಿಸುತ್ತದೆ. ಆದ್ದರಿಂದ ಅದು ಬಂದ ಡಬ್ಬಿಯಲ್ಲಿಯೇ ಇರಲಿ; ಆ ಡಬ್ಬಿಯನ್ನು ಬೀಗವಿರುವ ಮರದ ಪೆಟ್ಟಿಗೆಯಲ್ಲಿಡಿ. ಕೇಪುಗಳು ಇನ್ನೂ ಸೂಕ್ಷ್ಮ. ಅವನ್ನು ಗಾಜಿನ ಸೀಸೆಗೆ ಸುರಿದಿಡುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬಿಡಿ. ಒಂದು ಸಿಡಿದರೆ ಉಳಿದವೂ ಒಟ್ಟಿಗೇ ಸಿಡಿಯುತ್ತವೆ, ಸೀಸೆಯ ಚೂರುಗಳು ಮೈಗೆ ನಾಟುತ್ತವೆ.

ತೋಟೆಗಳಿಗೆ ಪ್ರತ್ಯೇಕ ಬೀಗದ ಪೆಟ್ಟಿಗೆಯೂ ತಂಪಾದ, ಒಣ ಜಾಗವೂ ಬೇಕು. ಅಡುಗೆಮನೆಯ ಅಟ್ಟ, ಬಿಸಿಲು ಕಾಯುವ ತಾರಸಿ ಕೋಣೆ, ಯುಪಿಎಸ್ ಬ್ಯಾಟರಿಯ ಮಗ್ಗುಲು, ಇವು ಯಾವುವೂ ಸಲ್ಲವು. ಕೋವಿಯನ್ನಂತೂ ಖಾಲಿ ಮಾಡಿಯೇ ಬೇರೆಡೆ ಇಡಬೇಕು: ಮನೆಗೆ ಬೆಂಕಿ ಬಿದ್ದಾಗ ಬಿಡಿ ತೋಟೆ ಸಿಡಿದರೆ ಅದರ ಕೋಶ ಹರಿದು ಚೂರುಗಳು ಹಾರುತ್ತವೆ, ಆದರೆ ನಳಿಗೆಯೊಳಗೆ ಉಳಿದ ತೋಟೆ ಯಾರೂ ಕೋವಿಯ ಕುದುರೆ (ಟ್ರಿಗರ್) ಎಳೆಯದಿದ್ದರೂ ಗುಂಡಿನ ವೇಗದಲ್ಲಿಯೇ ಹೊರಡುತ್ತದೆ.

ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯವರು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ತೋಟೆಗಳ ಹಿತ್ತಾಳೆ ಬಿರುಕು ಬಿಡುತ್ತಿತ್ತು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾ ಅದಕ್ಕೆ ಕಾರಣವೆಂದು 1921ರಲ್ಲಿ ವಿವರಿಸಲಾಯಿತು. ಅಮೋನಿಯಾ ಬೆರೆತ ಗಾಜು ಒರೆಸುವ ದ್ರಾವಣವನ್ನು ನಾವು ಇಂದು ತೋಟೆಗಳಿರುವ ಕಪಾಟಿನಲ್ಲೇ ಇಡುತ್ತೇವೆ ಎಂಬುದು ನನ್ನನ್ನು ಕಾಡುವ ಸಂಗತಿ. ಜೂನ್ ಹಿಡಿಯುವ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಒಂದೊಂದೇ ತೋಟೆಯನ್ನು ಬೆಳಕಿಗೆ ಹಿಡಿದು ನೋಡಿ: ಹಿತ್ತಾಳೆಯ ಅಂಚಿನಲ್ಲಿ ಹಸಿರು ಕಿಲುಬು ಕೂತಿದೆಯೇ, ಮೈ ಉಬ್ಬಿದೆಯೇ? ಅಂಥದ್ದನ್ನು ಎಣ್ಣೆ ಹಚ್ಚಿ ಉಜ್ಜಿ ಬಳಸಬೇಡಿ. ಎಣ್ಣೆ ಒಳಗಿಳಿದರೆ ತೋಟೆ ಕೈಕೊಡುತ್ತದೆ.

ಪರವಾನಗಿಯಲ್ಲಿ ನಮೂದಾಗಿರುವ ಸಂಖ್ಯೆಗಿಂತ ಒಂದೂ ಹೆಚ್ಚು ಇರಬಾರದು. ಖಾಲಿ ತೋಟೆಗೆ ಮತ್ತೆ ಮದ್ದು ತುಂಬುವ ಯೋಚನೆಯಿದ್ದರೆ ಕೈಬಿಡಿ. 1959ರ ಆಯುಧ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು.

ಕೆಟ್ಟ ತೋಟೆ, ತೇವ ತಗುಲಿದ ಮದ್ದು ಕಸದ ಬುಟ್ಟಿಗೆ ಹೋಗಲೇಬಾರದು. ನಮ್ಮ ಬೀದಿಯ ಕಸವನ್ನು ಪೌರಕಾರ್ಮಿಕರು ಕೈಯಿಂದಲೇ ವಿಂಗಡಿಸುತ್ತಾರೆ, ಆಮೇಲೆ ಅದನ್ನು ಲಾರಿಯ ಯಂತ್ರ ಅದುಮುತ್ತದೆ. ಅವನ್ನು ಬೇರೆಯಾಗಿಟ್ಟು, ನಿಮ್ಮ ಠಾಣೆಗೆ ಮೊದಲು ಫೋನ್ ಮಾಡಿ, ತರಬೇಕೇ ಅಥವಾ ಅವರೇ ಬರುವರೇ ಎಂದು ಕೇಳಿಕೊಂಡು ಒಪ್ಪಿಸಿ.