ಪದ ಪರಿಚಯ: ಹಾರರ್ ಅಂದರೆ ಹಾರಿ ಬೀಳುವುದಲ್ಲ

ಮಳೆ ಜೋರಾಗಿ ಕಲೆಕ್ಟರ್ ರಜೆ ಕೊಟ್ಟ ದಿನ ಕಾಸರಗೋಡಿನ ಬದಿಯಡ್ಕದಿಂದ ಅಕ್ಕನ ಮಗ ಫೋನ್ ಮಾಡಿದ. ಪ್ಲಸ್ ಟು ಹುಡುಗ. "ಮಾವ, ಒಂದು ಒಳ್ಳೆ ಹಾರರ್ ಗೇಮ್ ಹೇಳಿ." ಎಂಥದ್ದು ಬೇಕು ಮಾರಾಯ ಎಂದು ಕೇಳಿದೆ. "ಹಾರರ್ ಅಂದ್ರೆ ಹಾರಿ ಬೀಳ್ಬೇಕು ಮಾವ, ಅಷ್ಟೇ."

ತಮಾಷೆಗೆ ಹೇಳಿದ ಎಂದುಕೊಂಡೆ. ಅಲ್ಲ. ಅವನು ಕಳಿಸಿದ ಕನ್ನಡ ವಿಡಿಯೋ ನೋಡಿದರೆ ಅದರಲ್ಲೂ ಅದೇ ಅರ್ಥ. ಆಡಲೇಬೇಕಾದ ಹತ್ತು ಗೇಮುಗಳ ಪಟ್ಟಿ. ನಾಲ್ಕರಲ್ಲಿ ಜೋಂಬಿಗಳಿಗೆ, ಅಂದರೆ ಎದ್ದು ನಡೆಯುವ ಹೆಣಗಳಿಗೆ, ಗುಂಡು ಹೊಡೆಯುವುದೇ ಕೆಲಸ. ಮೂರರಲ್ಲಿ ಯಾವುದೋ ಮುಖ ಕಿರುಚಿಕೊಂಡು ಬಂದು ಪರದೆಗೆ ಬಡಿಯುತ್ತದೆ. ಉಳಿದವು ಪತ್ತೇದಾರಿ ಕಥೆಗಳು. ಎಲ್ಲಕ್ಕೂ ಒಂದೇ ಚೀಟಿ, ಹಾರರ್. ನಡುನಡುವೆ ಕನ್ನಡ ನೆನಪಾದಾಗ 'ಭೂತದ ಗೇಮ್'. ಈ ಪದವನ್ನು ಹೀಗೆ ಬೇಕಾದಲ್ಲೆಲ್ಲ ಅಂಟಿಸುವುದನ್ನು ನೋಡಿ ನೋಡಿ ಸಾಕಾಗಿದೆ.

ಮೊದಲು ಆ ಹಾರಿ ಬೀಳುವ ವಿಚಾರ ಮುಗಿಸೋಣ. ಕನ್ನಡದಲ್ಲಿ ಅದಕ್ಕೆ ಚೆಂದದ ಪದ ಇದೆ, ಬೆಚ್ಚುವುದು. ಜಾತ್ರೆಯಲ್ಲಿ ಹಿಂದಿನಿಂದ ಕದಿನ ಎಂಬ ಸಿಡಿಮದ್ದು ಸಿಡಿದರೆ ಬೆಚ್ಚುತ್ತೇವೆ. ಕಣ್ಣು ಮುಚ್ಚುತ್ತದೆ, ಹೆಗಲು ಮೇಲೇರುತ್ತದೆ. ಏನು ಎತ್ತ ಎಂದು ಯೋಚಿಸುವ ಮೊದಲೇ ಇದೆಲ್ಲ ಆಗಿ ಮುಗಿದಿರುತ್ತದೆ. ಎಳೆ ಮಗುವೂ ಬೆಚ್ಚುತ್ತದೆ. ಹಾಗೆಂದು ಕದಿನವನ್ನು ಯಾರಾದರೂ ಹಾರರ್ ಅನ್ನುತ್ತಾರಾ? ಗೇಮಿನಲ್ಲಿ ಇದಕ್ಕೆ ಜಂಪ್ ಸ್ಕೇರ್ ಎಂಬ ಹೆಸರು ಬೇರೆಯೇ ಇದೆ. ಅದೊಂದು ಉಪಾಯ, ಅಷ್ಟೆ. ಅಡುಗೆಯಲ್ಲಿ ಮೆಣಸಿನ ಹಾಗೆ. ಬರೀ ಮೆಣಸು ಬಡಿಸಿ ಊಟ ಅಂದರೆ ಒಪ್ಪುವುದು ಹೇಗೆ?

ಈಗ ಪದದ ಬೇರಿಗೆ ಹೋಗೋಣ. ನನಗೆ ಇಷ್ಟದ ಜಾಗ ಇದು, ಸ್ವಲ್ಪ ಹೊತ್ತು ಹಿಡಿಯುತ್ತದೆ.

ಹಾರರ್ ಇಂಗ್ಲಿಷಿನದೇ ಅಲ್ಲ, ಲ್ಯಾಟಿನ್ನಿನಿಂದ ಬಂದದ್ದು. ಅಲ್ಲಿ 'ಹೊರ್ರೇರೆ' ಎಂಬ ಕ್ರಿಯಾಪದ. ಅದರ ಹಳೆಯ ಅರ್ಥ ಹೆದರುವುದಲ್ಲ. ಕೂದಲು ನೆಟ್ಟಗೆ ನಿಲ್ಲುವುದು, ಮೈಯೆಲ್ಲ ಮುಳ್ಳುಮುಳ್ಳಾಗುವುದು. ನಡುಕ, ಹೆದರಿಕೆ ಎಲ್ಲ ಆಮೇಲೆ ಬಂದು ಸೇರಿದವು. ಈ ಹೊರ್ರೇರೆಗೆ ಸಂಸ್ಕೃತದಲ್ಲಿ ಒಬ್ಬ ದಾಯಾದಿ ಇದ್ದಾನೆ. 'ಹೃಷ್' ಎಂಬ ಧಾತು. ಅದರಿಂದ ಹುಟ್ಟಿದ್ದು ಹರ್ಷ. ಹೌದು, ಹಾರರ್ ಮತ್ತು ಹರ್ಷ ಒಂದೇ ಬೇರಿನಿಂದ ಬಂದವು. ನಿಮ್ಮ ಪಕ್ಕದ ಮನೆಯಲ್ಲಿ ಹರ್ಷ ಎಂಬವನಿದ್ದರೆ ಹೇಳಿ ನೋಡಿ.

ಹೃಷ್‌ಗೂ ಮೊದಲಿದ್ದ ಅರ್ಥ ಕೂದಲು ನಿಮಿರುವುದೇ. ಖುಷಿಯಾದಾಗಲೂ ನಿಮಿರುತ್ತದಲ್ಲ, ಹಾಗಾಗಿ ಸಂಸ್ಕೃತ ಖುಷಿಯ ದಾರಿ ಹಿಡಿಯಿತು. ಲ್ಯಾಟಿನ್ ಹೆದರಿಕೆಯ ದಾರಿ ಹಿಡಿಯಿತು. ಆದರೆ 'ರೋಮಹರ್ಷ' ಎಂಬಲ್ಲಿ ಹಳೆಯ ಅರ್ಥ ಹಾಗೇ ಉಳಿದಿದೆ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಎದುರು ನಿಂತ ಬಂಧುಗಳನ್ನು ನೋಡಿ ಅರ್ಜುನನಿಗೆ ರೋಮಹರ್ಷ ಆಗುತ್ತದೆ. ಅಲ್ಲಿ ಹರ್ಷ ಎಲ್ಲಿಂದ ಬರಬೇಕು? ಕೈಯಿಂದ ಗಾಂಡೀವ ಜಾರುತ್ತಿದೆ. ಕೊನೆಯ ಅಧ್ಯಾಯದಲ್ಲಿ ಸಂಜಯ ಕೃಷ್ಣಾರ್ಜುನರ ಸಂವಾದವನ್ನೇ ರೋಮಹರ್ಷಣ ಅನ್ನುತ್ತಾನೆ. ಅಲ್ಲಿ ಬೆರಗು. ಪದ ಒಂದೇ, ಮೈಯಲ್ಲಿ ಆಗುವುದೂ ಒಂದೇ. ಕಾರಣ ಮಾತ್ರ ಬೇರೆ. ಪುರಾಣ ಹೇಳುವ ಸೂತನ ಹೆಸರೂ ರೋಮಹರ್ಷಣ. ಅವನ ಕಥೆ ಕೇಳಿದವರ ಕೂದಲು ನಿಮಿರುತ್ತಿತ್ತಂತೆ. ಕಥೆಗಾರನಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕಾ?

ಕನ್ನಡಕ್ಕೆ ಬಂದರೆ 'ಮೈ ನವಿರೇಳುವುದು'. ನವಿರು ಅಂದರೆ ಹಳಗನ್ನಡದಲ್ಲಿ ಕೂದಲು. ಈಗ ಆ ಅರ್ಥ ಮರೆತು 'ನವಿರಾದ ಹಾಸ್ಯ' ಎಂದು ನಯದ ಅರ್ಥದಲ್ಲಿ ಬಳಸುತ್ತೇವೆ. ಹಾಗಾಗಿ 'ನವಿರೇಳಿಸುವ ಕಥೆ' ಅಂದಾಗ ಕೆಲವರಿಗೆ ಏನು ಏಳುತ್ತದೆ ಎಂಬುದೇ ತಿಳಿಯುವುದಿಲ್ಲ. ಏಳುವುದು ಕೂದಲು. ಪ್ರತಿ ಕೂದಲಿನ ಬುಡದಲ್ಲೂ ಒಂದು ಸಣ್ಣ ಸ್ನಾಯು ಇರುತ್ತದೆ, ಅದು ಬಿಗಿದಾಗ ಕೂದಲು ನಿಲ್ಲುತ್ತದೆ. ನಾಯಿ ಕಂಡ ಬೆಕ್ಕು ಮೈ ಉಬ್ಬಿಸುವುದೂ ಇದೇ. ಬೆಕ್ಕು ಆಗ ಓಡುವುದಿಲ್ಲ, ಗಮನಿಸಿ. ನಿಂತು ನೋಡುತ್ತದೆ. ಏನೋ ಇದೆ, ಇನ್ನೂ ಬಂದಿಲ್ಲ. ಹಾರರ್ ಇರುವುದು ಆ 'ಇನ್ನೂ ಬಂದಿಲ್ಲ' ಎಂಬಲ್ಲಿ.

ನಮ್ಮ ಊರಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ದೇವಿ ಮಹಾತ್ಮೆ ಯಕ್ಷಗಾನದ ಆಟದಲ್ಲಿ ಮಹಿಷಾಸುರ ರಂಗಸ್ಥಳಕ್ಕೆ ನೇರ ಬರುವುದಿಲ್ಲ. ಪ್ರೇಕ್ಷಕರ ಹಿಂದಿನಿಂದ ಬರುತ್ತಾನೆ. ಮೊದಲು ದೂರದಲ್ಲಿ ಆರ್ಭಟ. ಆಮೇಲೆ ದೊಂದಿಯ ಬೆಳಕು. ಕುರ್ಚಿಯಲ್ಲಿ ಕುಳಿತ ಮಕ್ಕಳೆಲ್ಲ ತಿರುಗಿ ತಿರುಗಿ ನೋಡುತ್ತಾರೆ. ಅವನು ಎದುರು ಬಂದು ನಿಂತ ಮೇಲೆ ಹೆದರಿಕೆ ಕಡಿಮೆಯಾಗುತ್ತದೆ, ಫೋನ್ ಎತ್ತಿ ಫೋಟೋ ತೆಗೆಯುತ್ತೇವೆ. ನಡುವೆ ಸಿಡಿಯುವ ಪಟಾಕಿಗೆ ಬೆಚ್ಚುವುದು ಬೇರೆ, ಆರ್ಭಟ ಹತ್ತಿರವಾಗುವಾಗ ಹೊಟ್ಟೆಯಲ್ಲಿ ಆಗುವುದು ಬೇರೆ. ಎರಡನೆಯದಕ್ಕೆ ದಿಗಿಲು ಅನ್ನಬಹುದು. ಹಾರರ್ ಪದಕ್ಕೆ ಒಂದೇ ಕನ್ನಡ ಪದ ಕೊಡು ಎಂದು ಹಟ ಹಿಡಿದರೆ ನಾನು ಕೊಡುವುದು ಇದನ್ನೇ. ಮಲಯಾಳದಲ್ಲಿ ಹೆದರಿಕೆಗೆ ಪೇಡಿ, ತುಳುವಿನಲ್ಲಿ ಪೋಡಿಗೆ. ಹಳಗನ್ನಡದ ಪೇಡಿ ಹೊಸಗನ್ನಡದಲ್ಲಿ ಹೇಡಿಯಾಗಿ ಬೈಗುಳವಾಯಿತು. ಗಡಿಯಲ್ಲಿ ಕುಳಿತವರು ಈ ಪದಗಳನ್ನು ಒಂದೇ ದಿನ ಮೂರು ರೀತಿ ಕೇಳುತ್ತೇವೆ. ಅಷ್ಟಿದ್ದೂ ವಿಡಿಯೋದವನ ಅರ್ಥವನ್ನೇ ಹಿಡಿದುಕೊಂಡರೆ ಹೇಗೆ?

ಇನ್ನು ಆ 'ಭೂತದ ಗೇಮ್'. ಬೆಂಗಳೂರಿನವರು ಹೇಳಿದರೆ ಬಿಟ್ಟುಬಿಡೋಣ, ಅಲ್ಲಿ ಭೂತ ಅಂದರೆ ದೆವ್ವ. ಕಾಸರಗೋಡಿನ ಹುಡುಗ ಹಾಗೆ ಹೇಳಬಾರದು. ನಮ್ಮಲ್ಲಿ ಭೂತ ಅಂದರೆ ದೈವ. ಪಂಜುರ್ಲಿ, ಗುಳಿಗ, ವಿಷ್ಣುಮೂರ್ತಿ. ಭೂತಸ್ಥಾನ ಉಂಟು, ಕೋಲ ಉಂಟು. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ತೆಯ್ಯಂ. ಅಲ್ಲಿ ಅಂಜಿಕೆ ಇದೆ, ಭಕ್ತಿ ಇದೆ, ಮನೆಯ ಕಷ್ಟ ಹೇಳಿಕೊಳ್ಳುವ ಸಲಿಗೆಯೂ ಇದೆ. ಕೋಲದ ರಾತ್ರಿ ಅಭಯ ಕೊಡುವಾಗ ಮೈ ಜುಮ್ಮೆನ್ನುವುದು ನಿಜ. ಮೇಲೆ ಹೇಳಿದ ಹೃಷ್ ಅದು. ಆದರೆ ಅದನ್ನು ಹಲ್ಲು ಕಿರಿಯುವ ದೆವ್ವದ ಸಾಲಿನಲ್ಲಿ ಕೂರಿಸಿದರೆ ನನ್ನ ಅಮ್ಮ ಸುಮ್ನೆ ಬಿಡುವುದಿಲ್ಲ. ಸತ್ತವರ ಪ್ರೇತಕ್ಕೆ ತುಳುವಿನಲ್ಲಿ 'ಕುಲೆ' ಎಂಬ ಬೇರೆ ಪದವೇ ಉಂಟು. ಬೇಕಾದರೆ ಕುಲೆಯ ಗೇಮ್ ಅನ್ನಿ. ಪಂಚಭೂತ, ಭೂತಕಾಲ ಎಲ್ಲ ಇರುವ ಪದ ಅದು, ಒಂದು ದೆವ್ವಕ್ಕೆ ಬಿಟ್ಟುಕೊಡಬೇಡಿ. ಪತ್ತೇದಾರಿ ಗೇಮಿನಲ್ಲಿ ಇರಬಹುದಾದ ಏಕೈಕ ಭೂತ ಅಂದರೆ ಭೂತಕನ್ನಡಿ.

'ಸರ್ವೈವಲ್ ಹಾರರ್' ಎಂಬ ಜೋಡಿಪದವನ್ನು ಊರಿಗೆಲ್ಲ ಪರಿಚಯಿಸಿದ್ದು 1996ರ ರೆಸಿಡೆಂಟ್ ಈವಿಲ್. ಜಪಾನಿನಲ್ಲಿ ಅದರ ಹೆಸರು ಬಯೋಹಜಾರ್ಡ್. 1992ರ ಅಲೋನ್ ಇನ್ ದ ಡಾರ್ಕ್‌ನಂಥವು ಮೊದಲೇ ಇದ್ದವು, ಚೀಟಿ ಆಮೇಲೆ ಬಂತು. ರೆಸಿಡೆಂಟ್ ಈವಿಲ್‌ನಲ್ಲಿ ಜೋಂಬಿಗಳಿವೆ, ಬಂದೂಕೂ ಇದೆ. ಆದರೆ ಗುಂಡು ಕಡಿಮೆ. ಕ್ರಿಸ್ ಎಂಬ ಪಾತ್ರ ಹೊತ್ತುಕೊಳ್ಳಬಹುದಾದ್ದು ಬರೀ 6 ಸಾಮಾನು, ಜಿಲ್ ಆದರೆ 8. ಆಡಿದಷ್ಟನ್ನು ಉಳಿಸಿಕೊಳ್ಳಲು (ಸೇವ್ ಮಾಡಲು) ಟೈಪ್‌ರೈಟರ್ ರಿಬ್ಬನ್ ಬೇಕು, ಅದೂ ಎಣಿಸಿದಷ್ಟೇ. ಬಾಗಿಲು ತೆರೆಯುವ ದೃಶ್ಯ ಪ್ರತಿ ಸಲ ನಿಧಾನವಾಗಿ ಬರುತ್ತದೆ. ಮುಂದಿನ ಕೋಣೆ ಲೋಡ್ ಆಗಲಿ ಎಂದು ಇಟ್ಟದ್ದು ಅದು, ಆಡುವವರಿಗೆ ಮಾತ್ರ ಅಷ್ಟು ಹೊತ್ತು ಎದೆ ಡವಡವ. ಜೋಂಬಿ ಇದ್ದ ಮಾತ್ರಕ್ಕೆ ಅದು ಹಾರರ್ ಆದದ್ದಲ್ಲ. ಕೈಯಲ್ಲಿ ಏನೂ ಸಾಲದೆ ಇದ್ದದ್ದರಿಂದ ಆಯಿತು. ಅದೇ ಜೋಂಬಿಗೆ ಎದುರಾಗಿ ನಿಮ್ಮ ಕೈಗೆ ಮಷಿನ್ ಗನ್, ಚೀಲದ ತುಂಬ ಗುಂಡು ಕೊಟ್ಟರೆ ಅದು ಗುಂಡಿನಾಟ. ಒಳ್ಳೆಯ ಆಟವೇ ಇರಬಹುದು. ಹೆಸರು ಬೇರೆ, ಅಷ್ಟೆ.

1999ರ ಸೈಲೆಂಟ್ ಹಿಲ್ ಇದನ್ನು ಇನ್ನೂ ಚೆನ್ನಾಗಿ ಮಾಡಿತು. ಆಗಿನ ಪ್ಲೇಸ್ಟೇಷನ್‌ಗೆ ಇಡೀ ಊರನ್ನು ದೂರದವರೆಗೆ ತೋರಿಸುವ ತಾಕತ್ತು ಇರಲಿಲ್ಲ. ಮಂಜು ಮುಸುಕಿ ಅದನ್ನು ಮುಚ್ಚಿದರು. ಆ ಮಂಜೇ ಆಟದ ಜೀವ ಆಯಿತು. ಜೊತೆಗೆ ಒಂದು ಪಾಕೆಟ್ ರೇಡಿಯೋ. ಏನಾದರೂ ಹತ್ತಿರ ಬಂದರೆ ಅದು ಗರಗರ ಎನ್ನುತ್ತದೆ. ಕಾಣುವುದಿಲ್ಲ, ಕೇಳುತ್ತದೆ. ಮಹಿಷಾಸುರನ ಆರ್ಭಟದ ಲೆಕ್ಕವೇ, ಅಲ್ವಾ?

ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ 2010ರಲ್ಲಿ ತಂದ ಆಮ್ನೀಷಿಯಾದಲ್ಲಿ ಆಯುಧವೇ ಇಲ್ಲ. ಕತ್ತಲಲ್ಲಿ ಅಡಗಿದರೆ ತಲೆ ಕೆಡುತ್ತದೆ, ಲಾಟೀನು ಹಚ್ಚಿದರೆ ನೀವು ಅಲ್ಲಿಯ ರಾಕ್ಷಸರಿಗೆ ಕಾಣುತ್ತೀರಿ. ಎಣ್ಣೆಯೂ ಖರ್ಚು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ 2014ರ ಏಲಿಯನ್: ಐಸೊಲೇಷನ್. ಬಹುಪಾಲು ಹೊತ್ತು ಒಂದೇ ಒಂದು ಪ್ರಾಣಿ. ಅದನ್ನು ಕೊಲ್ಲಲು ಆಗುವುದಿಲ್ಲ. ಕೈಯಲ್ಲಿರುವ ಯಂತ್ರ ಬೀಪ್ ಬೀಪ್ ಎಂದು ಅದು ಎಷ್ಟು ದೂರ ಇದೆ ಎಂದು ಹೇಳುತ್ತದೆ, ಮೇಲಿನ ಮಹಡಿಯೋ ಕೆಳಗೋ ಹೇಳುವುದಿಲ್ಲ. ಆಟ ಉಳಿಸಿಕೊಳ್ಳುವ ಜಾಗಕ್ಕೆ ಹೋಗಿ ಕೆಲವು ಸೆಕೆಂಡ್ ಕಾಯಬೇಕು. ಆ ಸೆಕೆಂಡುಗಳಲ್ಲೇ ಹಿಂದಿನಿಂದ ಬಂದು ಹಿಡಿದರೂ ಹಿಡಿಯಿತು. ಇದನ್ನು ನಾನು ಮುಗಿಸಲು ಎರಡು ಮಳೆಗಾಲ ಬೇಕಾಯಿತು. ನಾಚಿಕೆ ಏನಿಲ್ಲ.

ಜಂಪ್ ಸ್ಕೇರ್ ಪಕ್ಷದವರು ಈಗ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್ ಎತ್ತುತ್ತಾರೆ, ಗೊತ್ತು. 2014ರದ್ದೇ. ಒಪ್ಪುತ್ತೇನೆ, ಅದರಲ್ಲಿ ಗೊಂಬೆ ಕಿರುಚಿಕೊಂಡು ಬರುತ್ತದೆ. ಆದರೆ ಸರಿಯಾಗಿ ಆಡಿ ನೋಡಿ. ನೀವು ರಾತ್ರಿ ಪಾಳಿಯ ಕಾವಲುಗಾರ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಕರೆಂಟ್ ಉಳಿಯಬೇಕು. ಕ್ಯಾಮೆರಾ ನೋಡಿದರೂ ಖರ್ಚು, ಬಾಗಿಲು ಮುಚ್ಚಿದರೂ ಖರ್ಚು. ಹೆದರಿಸುವುದು ಆ ಇಳಿಯುವ ಶೇಕಡಾ ಅಂಕಿ. ಗೊಂಬೆ ಬಂದು ಕಿರುಚುವುದು ಸೋತದ್ದಕ್ಕೆ ಶಿಕ್ಷೆ. ಅದನ್ನು ನಕಲು ಮಾಡಿದವರು ಶಿಕ್ಷೆಯನ್ನು ಮಾತ್ರ ಎತ್ತಿಕೊಂಡರು, ಕರೆಂಟ್ ಬಿಟ್ಟರು.

ಹಾರರ್ ಜೊತೆ ಕಲಸಿಹೋಗುವ ಮಿಸ್ಟರಿ (ಪತ್ತೇದಾರಿ), ಅಡ್ವೆಂಚರ್ ಎರಡರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಡ್ವೆಂಚರ್ ಗೇಮ್ ಅಂದರೆ ಬಂಡೆಯಿಂದ ಬಂಡೆಗೆ ಹಾರುವ ಸಾಹಸ ಅಲ್ಲ. 1970ರ ದಶಕದಲ್ಲಿ 'ಅಡ್ವೆಂಚರ್' ಎಂಬ ಹೆಸರಿನ, ಬರೀ ಅಕ್ಷರಗಳ ಗುಹೆಯಾಟ ಒಂದಿತ್ತು. ಅದರಂತೆ ಹುಡುಕುವ, ಯೋಚಿಸುವ, ಒಗಟು ಬಿಡಿಸುವ ಆಟಗಳಿಗೆಲ್ಲ ಆ ಹೆಸರು ನಿಂತಿತು. ಮಿಸ್ಟರಿಯಲ್ಲಿ ನಿಮಗೆ ಗೊತ್ತಿಲ್ಲದ್ದು ಆಗಲೇ ನಡೆದುಹೋಗಿದೆ, ಹಾರರ್‌ನಲ್ಲಿ ಅದು ಇನ್ನು ನಡೆಯಲಿದೆ. ಎರಡೂ ಒಂದೇ ಗೇಮಿನಲ್ಲಿ ಇರಬಾರದು ಎಂದೇನಿಲ್ಲ. 2018ರ ರಿಟರ್ನ್ ಆಫ್ ದ ಓಬ್ರ ಡಿನ್ ನೋಡಿ. 1807ರಲ್ಲಿ ಒಂದು ಹಡಗು ಜನರಿಲ್ಲದೆ ಬಂದರಿಗೆ ಬರುತ್ತದೆ. ಅದರಲ್ಲಿದ್ದ 60 ಜನರಲ್ಲಿ ಯಾರು ಹೇಗೆ ಸತ್ತರು ಎಂದು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ನೀವು ಲೆಕ್ಕ ಬರೆಯಬೇಕು. ಎಲ್ಲ ನಡೆದು ಮುಗಿದಿದೆ, ನಿಮಗೆ ಯಾವ ಅಪಾಯವೂ ಇಲ್ಲ. ಆದರೂ ಕೆಲವು ಸಾವುಗಳ ಎದುರು ನಿಂತಾಗ ನವಿರೇಳುತ್ತದೆ.

ಕುಲೆಯ ಗೇಮ್ ಅಂದೆನಲ್ಲ, ಅದಕ್ಕೆ ಸರಿಯಾದ್ದು 2017ರ ಡಿಟೆನ್ಷನ್. ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್ ಮಾಡಿದ್ದು. 1960ರ ದಶಕದ ಒಂದು ಶಾಲೆ, ಹೊರಗೆ ಸೈನಿಕ ಆಡಳಿತ. ಪ್ರೇತ ಎದುರಾದರೆ ಉಸಿರು ಬಿಗಿಹಿಡಿದು ಪಕ್ಕದಲ್ಲೇ ದಾಟಬೇಕು. ಕೆಲವಕ್ಕೆ ಅನ್ನ ಇಟ್ಟು ಗಮನ ತಿರುಗಿಸಬೇಕು. ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುವ ಮನೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಪ್ರೇತಗಳಿಗಿಂತ ಹೆಚ್ಚು ಹೆದರಿಸುವುದು ಯಾರು ಯಾರ ಮೇಲೆ ದೂರು ಕೊಟ್ಟರು ಎಂಬ ವಿಷಯ.

ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದೆ. ಅರ್ಧಕ್ಕೇ "ಒಂದು ಹೆಸರು ಹೇಳಿ ಮಾವ" ಎಂದ. ಡ್ರೆಜ್ ಎಂದೆ. 2023ರದ್ದು, ನ್ಯೂಜಿಲೆಂಡಿನವರು ಮಾಡಿದ್ದು. ಹಗಲಲ್ಲಿ ದೋಣಿ ತೆಗೆದುಕೊಂಡು ಹೋಗಿ ಮೀನು ಹಿಡಿಯುವುದು, ತಂದು ಮಾರುವುದು. ಕತ್ತಲಾದ ಮೇಲೆ ಸಮುದ್ರದಲ್ಲೇ ಉಳಿದರೆ ಮಂಜು. ಮನಸ್ಸು ಕಲಕಿದಂತೆ ಹಗಲಲ್ಲಿ ಇಲ್ಲದಿದ್ದ ಬಂಡೆಗಳು ಎದುರಾಗುತ್ತವೆ. "ಮೀನು ಹಿಡಿಯುವ ಗೇಮಾ? ಅದಕ್ಕೆ ಮಂಜೇಶ್ವರಕ್ಕೆ ಹೋದ್ರೆ ಸಾಕಲ್ಲ" ಎಂದು ನಕ್ಕು ಫೋನ್ ಇಟ್ಟ.

ನಾಲ್ಕು ದಿನ ಬಿಟ್ಟು ಮೆಸೇಜ್ ಬಂತು. "ಮಾವ, ಸಂಜೆ ಆಗುವ ಮೊದಲೇ ದೋಣಿ ದಡಕ್ಕೆ ತಂದೆ. ಎಂತದ್ದೂ ಬರ್ಲಿಲ್ಲ. ಆದ್ರೂ ತಂದೆ."