ನಡು ಆಕಾಶದಲ್ಲೇ ಮಾಯವಾದ ಆ ಚುಕ್ಕಿ ಉಪಗ್ರಹವೇ?

ಓದುಗರ ಪ್ರಶ್ನೆ: ಸಂಜೆ ಕತ್ತಲಾಗಿ ಸ್ವಲ್ಪ ಹೊತ್ತಿಗೆ ನಕ್ಷತ್ರದಂಥ ಬೆಳಕೊಂದು ಸದ್ದಿಲ್ಲದೆ, ಮಿನುಗದೆ, ಒಂದೇ ವೇಗದಲ್ಲಿ ಸಾಗುತ್ತಿತ್ತು. ನೆತ್ತಿ ದಾಟಿ ಪೂರ್ವದ ಕಡೆ ಇಳಿಯುತ್ತಿದ್ದ ಹಾಗೆ ಮಂಕಾಗಿ ಕಾಣದೇ ಹೋಯಿತು. ಮೋಡ ಒಂದಿಷ್ಟೂ ಇರಲಿಲ್ಲ. ಅದು ಉಪಗ್ರಹವೇ? ಆಗಿದ್ದರೆ ಎಲ್ಲಿಗೆ ಹೋಯಿತು? ಮತ್ತೆ ನೋಡಬೇಕೆಂದರೆ ಏನು ಮಾಡಬೇಕು?

ಉತ್ತರ: ಉಪಗ್ರಹವೇ. ಹಾಗೆ ಮಾಯವಾದದ್ದೇ ಅದಕ್ಕೆ ಒಳ್ಳೆಯ ಸಾಕ್ಷಿ. ಅದು ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಮುಂದೆ ಸಾಗಿತು. ಭೂಮಿಯ ನೆರಳಿನೊಳಗೆ ಹೊಕ್ಕಿದ್ದರಿಂದ ನಿಮ್ಮ ಕಣ್ಣಿಗೆ ಬೀಳಲಿಲ್ಲ, ಅಷ್ಟೆ.

ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ಸೌರ ಫಲಕ, ಆಂಟೆನಾ, ಒಡಲಿನ ಹೊದಿಕೆ ಇವುಗಳಿಂದ ಚೆದುರಿ ಬರುವ ಬಿಸಿಲೇ ನಮಗೆ ಚುಕ್ಕಿಯಾಗಿ ಕಾಣುವುದು. ಹಾಗಾಗಿ ಅದು ಕಾಣಬೇಕಾದರೆ ನಾವು ಕತ್ತಲಲ್ಲಿರಬೇಕು, ಅದು ಬಿಸಿಲಲ್ಲಿರಬೇಕು. ಬಯಲಿಗೆ ಕತ್ತಲು ಕವಿದ ಮೇಲೂ ಬೆಟ್ಟದ ತುದಿಗೆ ಒಂದಿಷ್ಟು ಹೊತ್ತು ಬಿಸಿಲು ಅಂಟಿಕೊಂಡಿರುತ್ತದಲ್ಲ, ಇದೂ ಹಾಗೇ. ಇಲ್ಲಿ ಬೆಟ್ಟದ ಎತ್ತರ ನೂರಾರು ಕಿಲೋಮೀಟರ್. ಉಪಗ್ರಹ ಯಾವಾಗ ಕಾಣುತ್ತದೆ, ಎಲ್ಲಿ ಮಾಯವಾಗುತ್ತದೆ, ಯಾವ ದಿಕ್ಕಿನಲ್ಲಿ ಹೆಚ್ಚು ಹೊಳೆಯುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ನೆರಳಿನ ಲೆಕ್ಕದಲ್ಲೇ ಇದೆ.

ಲೆಕ್ಕ ಕಷ್ಟದ್ದೇನಲ್ಲ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದಾಗ ನಮ್ಮ ನೆತ್ತಿಯ ಮೇಲೆ ಭೂಮಿಯ ನೆರಳು ಸುಮಾರು 330 ಕಿ.ಮೀ. ಎತ್ತರಕ್ಕೆ ಏರಿರುತ್ತದೆ. 20 ಡಿಗ್ರಿ ಇಳಿದಾಗ ಅದು 410 ಕಿ.ಮೀ. ಮುಟ್ಟುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವುದು ಹೆಚ್ಚುಕಡಿಮೆ ಇದೇ ಎತ್ತರದಲ್ಲಿ. 23 ಡಿಗ್ರಿಗೆ ನೆರಳು 550 ಕಿ.ಮೀ. ತಲುಪುತ್ತದೆ, ಆಗ ನೆತ್ತಿಯ ಮೇಲಿನ, ಇಂಟರ್‌ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳ ಸರದಿಯೂ ಮುಗಿಯಿತು. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಸೂರ್ಯ ನೆಟ್ಟಗೆ ಮುಳುಗುವುದರಿಂದ ಗಂಟೆಗೆ ಹತ್ತಿರ ಹತ್ತಿರ 15 ಡಿಗ್ರಿ ಇಳಿಯುತ್ತಾನೆ. ಅಲ್ಲಿ ಸೂರ್ಯಾಸ್ತವಾದ ಅರ್ಧ ಗಂಟೆಯಿಂದ ಸುಮಾರು ಒಂದೂವರೆ ಗಂಟೆಯವರೆಗೆ ಒಳ್ಳೆಯ ಸಮಯ, ಮುಂಜಾನೆ ಸೂರ್ಯೋದಯಕ್ಕೆ ಮುಂಚೆ ಮತ್ತೆ ಅಷ್ಟೇ ಹೊತ್ತು. ಧ್ರುವದ ಕಡೆಗೆ ಹೋದಂತೆ ಬೇಸಿಗೆಯಲ್ಲಿ ಸೂರ್ಯ ಆಳಕ್ಕೆ ಇಳಿಯುವುದೇ ಇಲ್ಲ, ರಾತ್ರಿಯಿಡೀ ಉಪಗ್ರಹಗಳು ಕಾಣುತ್ತವೆ. ನಡುರಾತ್ರಿ ಆಕಾಶ ಎಷ್ಟೇ ಕಪ್ಪಗಿದ್ದರೂ ತಗ್ಗಿನ ಕಕ್ಷೆಯ ಉಪಗ್ರಹ ಸಾಮಾನ್ಯವಾಗಿ ಕಾಣದಿರುವುದಕ್ಕೆ ಕಾರಣ ಇದೇ.

ಸಂಜೆಯ ಹೊತ್ತು ನೆರಳು ಏಳುವುದು ಪೂರ್ವದಿಂದ. ಬಹುಪಾಲು ಉಪಗ್ರಹಗಳು ಪೂರ್ವಾಭಿಮುಖವಾಗಿಯೇ ಸಾಗುತ್ತವೆ, ಏಕೆಂದರೆ ಭೂಮಿ ತಿರುಗುವ ದಿಕ್ಕಿನಲ್ಲಿ ಹಾರಿಸಿದರೆ ರಾಕೆಟ್ಟಿಗೆ ಆ ವೇಗ ಪುಕ್ಕಟೆ ಸಿಗುತ್ತದೆ. ಹಾಗಾಗಿ ಸಂಜೆ ನಿಲ್ದಾಣ ಪಶ್ಚಿಮದ ಕಡೆ ದಿಗಂತದಿಂದ ಏರಿ ಬಂದು ಪೂರ್ವದ ಕಡೆ ಆಕಾಶದಲ್ಲಿ ಆರಿಹೋಗುತ್ತದೆ. ಬೆಳಗಿನ ಜಾವ ಇದು ತಿರುಗುಮುರುಗು: ಪಶ್ಚಿಮದ ಆಕಾಶದಲ್ಲಿ ಏನೂ ಇಲ್ಲದ ಕಡೆ ದಿಢೀರನೆ ಹೊತ್ತಿಕೊಂಡು ಪೂರ್ವದ ದಿಗಂತದವರೆಗೂ ಸಾಗುತ್ತದೆ. ಆರುವ ಗಳಿಗೆಯನ್ನು ಗಮನವಿಟ್ಟು ನೋಡಿ. ದೀಪದ ಸ್ವಿಚ್ ಒತ್ತಿದ ಹಾಗೆ ಅದು ತಟ್ಟನೆ ಹೋಗುವುದಿಲ್ಲ. ಕೆಲವು ಸೆಕೆಂಡುಗಳಲ್ಲಿ ಬಿಳುಪು ಹಳದಿಯಾಗಿ, ಕೊಂಚ ಕೆಂಪಾಗಿ, ಆಮೇಲೆ ಇಲ್ಲವಾಗುತ್ತದೆ. ಆ ಸೆಕೆಂಡುಗಳಲ್ಲಿ ನಿಲ್ದಾಣ ಸೂರ್ಯಾಸ್ತವನ್ನು ದಾಟುತ್ತಿರುತ್ತದೆ, ಅದರ ಮೇಲೆ ಬೀಳುವ ಬಿಸಿಲು ಭೂಮಿಯ ವಾತಾವರಣದ ಅಂಚನ್ನು ತೂರಿ ಬಂದದ್ದು. ಬೈನಾಕ್ಯುಲರ್ ಇದ್ದರೆ ಬರಿಗಣ್ಣಿಗೆ ಆರಿದ ಮೇಲೂ ಒಂದೆರಡು ಸೆಕೆಂಡು ಈ ಕೆಂಪು ಚುಕ್ಕಿಯನ್ನು ಹಿಂಬಾಲಿಸಬಹುದು.

ವಿಮಾನವೋ ಉಪಗ್ರಹವೋ ಎಂಬ ಗೊಂದಲ ಬಗೆಹರಿಸುವುದು ಸುಲಭ. ವಿಮಾನಕ್ಕೆ ಕೆಂಪು, ಹಸಿರು ದೀಪಗಳಿರುತ್ತವೆ, ಜೊತೆಗೆ ಮಿಂಚುವ ಬಿಳಿ ದೀಪ. ಆದರೆ ನಿಮ್ಮ ಕಡೆಗೇ ಮುಖ ಮಾಡಿ ಇಳಿಯುತ್ತಿರುವ ವಿಮಾನದ ಮುಂದಿನ ದೀಪ ಒಂದೆರಡು ನಿಮಿಷ ಅಲುಗದ ಚುಕ್ಕಿಯಾಗಿಯೇ ಕಂಡು ಏಮಾರಿಸುತ್ತದೆ, ತಿರುಗುವ ತನಕ ಕಾಯಬೇಕು. ಉಲ್ಕೆಯ ಆಯುಸ್ಸು ಸಾಮಾನ್ಯವಾಗಿ ಒಂದೆರಡು ಸೆಕೆಂಡು. ಶುಕ್ರ, ಗುರು ಇದ್ದಲ್ಲೇ ಇರುತ್ತವೆ. ಆದರೂ ಕತ್ತಲಲ್ಲಿ ಒಂಟಿ ನಕ್ಷತ್ರವನ್ನು ದಿಟ್ಟಿಸುತ್ತ ನಿಂತರೆ ಅದು ಮೆಲ್ಲಗೆ ತೇಲಿದಂತೆ ಅನ್ನಿಸುವುದುಂಟು, ಅದು ಕಣ್ಣಿನ ಭ್ರಮೆ. ಅನುಮಾನ ಬಂದರೆ ಕಂಬವನ್ನೋ ಮಾಡಿನ ಅಂಚನ್ನೋ ಗುರುತಿಗೆ ಇಟ್ಟುಕೊಂಡು ಅದರ ಪಕ್ಕದಲ್ಲಿ ಚುಕ್ಕಿ ಸರಿಯುತ್ತಿದೆಯೇ ನೋಡಿ. ಪೂರ್ವದಿಂದ ಪಶ್ಚಿಮಕ್ಕೆ ನೇರವಾಗಿ ಹೋಗುವ ಚುಕ್ಕಿ ಹೆಚ್ಚಿನಂಶ ವಿಮಾನವೇ. ಇಸ್ರೇಲಿನ ಒಫೆಕ್‌ನಂತೆ ಪಶ್ಚಿಮಕ್ಕೆ ಹಾರಿಸಿದ ಉಪಗ್ರಹಗಳು ಬೆರಳೆಣಿಕೆಯಷ್ಟೇ. ಉತ್ತರ-ದಕ್ಷಿಣವಾಗಿ ಸಾಗುವವು ಮಾತ್ರ ಬೇಕಾದಷ್ಟಿವೆ, ಭೂವೀಕ್ಷಣೆಯ ಬಹುಪಾಲು ಉಪಗ್ರಹಗಳು ಧ್ರುವಗಳ ಮೇಲೆ ಹಾಯುವ ಕಕ್ಷೆಯಲ್ಲೇ ಇರುತ್ತವೆ.

ಇನ್ನು ಮತ್ತೆ ನೋಡುವ ಬಗೆ. ಸುಮ್ಮನೆ ಆಕಾಶ ನೋಡುತ್ತ ಕೂತರೂ ಒಂದೆರಡು ಸಿಕ್ಕೇ ಸಿಗುತ್ತವೆ, ಆದರೆ ಮೊದಲ ಸಲ ನೋಡುವವರು ಬಾಹ್ಯಾಕಾಶ ನಿಲ್ದಾಣದಿಂದಲೇ ಶುರುಮಾಡುವುದು ಒಳ್ಳೆಯದು. ಅದರ ಒಂದು ತುದಿಯಿಂದ ಇನ್ನೊಂದಕ್ಕೆ 109 ಮೀಟರ್, ಅದರಲ್ಲೂ ಬಹುಪಾಲು ಅಗಲವಾದ ಸೌರ ಫಲಕಗಳು. ಅದು ಒಮ್ಮೆ ನಮ್ಮ ಆಕಾಶದಲ್ಲಿ ಹಾದುಹೋಗುವುದಕ್ಕೆ ಪಾಸ್ ಎನ್ನುತ್ತಾರೆ. ಒಳ್ಳೆಯ ಪಾಸ್‌ನಲ್ಲಿ ಕಾಂತಿಮಾನ ಋಣ 3ರಿಂದ ಋಣ 4ರವರೆಗೂ ಹೋಗುತ್ತದೆ. ಈ ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು: ನಕ್ಷತ್ರಗಳಲ್ಲೆಲ್ಲ ಪ್ರಕಾಶಮಾನವಾದ ಲುಬ್ಧಕ ಋಣ 1.5, ಕತ್ತಲ ಆಕಾಶದಲ್ಲಿ ಬರಿಗಣ್ಣಿನ ಕೊನೆಯ ಮಿತಿ 6, ದೊಡ್ಡ ಊರಿನ ಬೆಳಕಿನಲ್ಲಿ 3 ಕಂಡರೇ ಪುಣ್ಯ. ನಿಲ್ದಾಣಕ್ಕೆ ಈ ಚಿಂತೆ ಇಲ್ಲ, ಬೀದಿದೀಪದ ಕೆಳಗೆ ನಿಂತರೂ ಕಾಣುತ್ತದೆ.

ಸಮಯ ತಿಳಿಯಲು ಹೆವನ್ಸ್-ಅಬವ್, ನಾಸಾದ ಸ್ಪಾಟ್ ದ ಸ್ಟೇಷನ್, ಸ್ಟೆಲೇರಿಯಂ ಈ ವೆಬ್‌ಸೈಟ್, ಆ್ಯಪ್‌ಗಳಲ್ಲಿ ಯಾವುದಾದರೂ ಸಾಕು. ಅವು ಕೊಡುವ ಸಾಲನ್ನು ಓದುವುದೇ ಮುಖ್ಯ. ಉದಾಹರಣೆಗೆ ಹೀಗಿದೆ ಅನ್ನಿ: ಶುರು 19:12:00, 10°, ನೈಋತ್ಯ; ಗರಿಷ್ಠ 19:15:20, 68°, ವಾಯವ್ಯ; ಕೊನೆ 19:16:10, 42°, ಉತ್ತರ-ಈಶಾನ್ಯ. ಮೊದಲ ಅಂಕಣ ಹೇಳುವುದು ನೈಋತ್ಯ ದಿಗಂತದಿಂದ 10 ಡಿಗ್ರಿ ಮೇಲೆ ಹುಡುಕು ಎಂದು. ತೋಳನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಮೂರೂ ಚಿಲ್ಲರೆ ನಿಮಿಷ ಬಿಟ್ಟು ಅದು ವಾಯವ್ಯದಲ್ಲಿ ಹೆಚ್ಚುಕಡಿಮೆ ಏಳು ಮುಷ್ಟಿ ಎತ್ತರದಲ್ಲಿರುತ್ತದೆ. ಕೊನೆಯ ಎತ್ತರ 42 ಎಂದಿದೆ, 10 ಎಂದಿಲ್ಲ. ಅಂದರೆ ಅದು ಮುಳುಗುವುದಿಲ್ಲ, ಅಲ್ಲೇ ನೆರಳಿಗೆ ಹೋಗುತ್ತದೆ. ನಿಮ್ಮ ಪ್ರಶ್ನೆಯಲ್ಲಿರುವುದೂ ಇಂಥದ್ದೇ ಸಾಲು.

ಪಟ್ಟಿಯಲ್ಲಿ ಗರಿಷ್ಠ ಎತ್ತರ 40 ಡಿಗ್ರಿಗಿಂತ ಕಡಿಮೆ ಇರುವ ಪಾಸ್‌ಗಳನ್ನು ಹೊಸಬರು ಬಿಟ್ಟುಬಿಡಬಹುದು. ನಿಲ್ದಾಣ ನೆತ್ತಿಯ ಮೇಲಿದ್ದಾಗ ನಮಗೂ ಅದಕ್ಕೂ 420 ಕಿ.ಮೀ. ದೂರ. ಅದೇ ದಿಗಂತದಿಂದ 10 ಡಿಗ್ರಿಯಲ್ಲಿದ್ದರೆ 1,400 ಕಿ.ಮೀ.ಗೂ ಹೆಚ್ಚು. ಬರೀ ದೂರದ ಲೆಕ್ಕದಲ್ಲೇ ಹೊಳಪು ಹತ್ತನೇ ಒಂದು ಭಾಗಕ್ಕಿಂತ ಕೆಳಗೆ ಬೀಳುತ್ತದೆ, ಜೊತೆಗೆ ದಿಗಂತದ ಮಬ್ಬು ಬೇರೆ. ವೇಗವೂ ಹಾಗೇ: ಕೆಳಗಿದ್ದಾಗ ತೆವಳುವಂತೆ ಕಾಣುವುದು ನೆತ್ತಿಯ ಬಳಿ ಸೆಕೆಂಡಿಗೆ ಒಂದು ಡಿಗ್ರಿ, ಅಂದರೆ ಎರಡು ಹುಣ್ಣಿಮೆ ಚಂದ್ರರಷ್ಟು ಅಗಲವನ್ನು ದಾಟುತ್ತದೆ.

ಹೇಳಿದ ಹೊತ್ತಿಗೆ ನಿಂತರೂ ಕಾಣಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಎಡವುವುದು ಸ್ಥಳದ ಸೆಟ್ಟಿಂಗ್‌ನಲ್ಲಿ. ವೆಬ್‌ಸೈಟಿಗೆ ನಿಮ್ಮ ಜಾಗ ಗೊತ್ತಿಲ್ಲದಿದ್ದರೆ ಬೇರೆಲ್ಲಿಯದೋ ಪಟ್ಟಿ ಕೊಡುತ್ತದೆ, ಅದು ನೋಡಲು ಸರಿಯಾಗಿಯೇ ಇರುತ್ತದೆ. ಜಾಗ 50 ಕಿ.ಮೀ. ತಪ್ಪಿದರೆ ನೆತ್ತಿಯ ಪಾಸ್ ಆರೇಳು ಡಿಗ್ರಿ ಪಕ್ಕಕ್ಕೆ ಸರಿಯಬಹುದು, ಅದು ಪರವಾಗಿಲ್ಲ. ಸಾವಿರ ಕಿ.ಮೀ. ತಪ್ಪಿದರೆ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಕಾಲವಲಯವನ್ನೂ ಒಮ್ಮೆ ನೋಡಿ, 05:12 ಎಂದಿದ್ದರೆ ಅದು ಬೆಳಗಿನ ಜಾವ. ಇನ್ನೊಂದು ತಪ್ಪು ನಕ್ಷೆಯದು. ಆಕಾಶದ ನಕ್ಷೆಯಲ್ಲಿ ಉತ್ತರ ಮೇಲಿದ್ದರೆ ಪೂರ್ವ ಎಡಕ್ಕಿರುತ್ತದೆ, ನೆಲದ ನಕ್ಷೆಗೆ ಉಲ್ಟಾ. ಅದನ್ನು ತಲೆಯ ಮೇಲೆ ಎತ್ತಿ ಹಿಡಿದು, ಉತ್ತರವನ್ನು ಉತ್ತರಕ್ಕೆ ತಿರುಗಿಸಿ ನೋಡಿದರೆ ಎಲ್ಲ ಸರಿಯಾಗುತ್ತದೆ. ಹತ್ತು ದಿನ ಮುಂಚೆ ಬರೆದಿಟ್ಟುಕೊಂಡ ಸಮಯವನ್ನೂ ನೆಚ್ಚಬೇಡಿ. ಗಾಳಿಯ ತೆಳು ಎಳೆತಕ್ಕೆ ನಿಲ್ದಾಣ ನಿಧಾನವಾಗಿ ಕೆಳಗೆ ಜಾರುತ್ತಿರುತ್ತದೆ, ಆಗಾಗ ಎಂಜಿನ್ ಉರಿಸಿ ಅದನ್ನು ಮೇಲೇರಿಸುತ್ತಾರೆ. ಅಂಥ ಒಂದು ಏರಿಕೆಯಾದರೆ ಹಳೆಯ ಲೆಕ್ಕ ನಿಮಿಷಗಳಷ್ಟು ತಪ್ಪುತ್ತದೆ. ಹೊರಡುವ ದಿನವೇ ಪಟ್ಟಿಯನ್ನು ಮತ್ತೊಮ್ಮೆ ತೆರೆಯಿರಿ.

ಒಂದು ವಾರ ದಿನಾ ಸಂಜೆ ಕಂಡದ್ದು ಆಮೇಲೆ ವಾರಗಟ್ಟಲೆ ಕಾಣದಿರುವುದೂ ಸಹಜ. ನಿಲ್ದಾಣದ ಕಕ್ಷೆಯ ಸಮತಲ ಸೂರ್ಯನಿಗೆ ಹೋಲಿಸಿದರೆ ದಿನಕ್ಕೆ ಸುಮಾರು 6 ಡಿಗ್ರಿ ತಿರುಗುತ್ತದೆ, ಅದರಿಂದ ಪಾಸ್‌ಗಳು ಸರಾಸರಿ ದಿನಕ್ಕೆ 24 ನಿಮಿಷ ಹಿಂದಕ್ಕೆ ಸರಿಯುತ್ತವೆ. ಸಂಜೆಯಿಂದ ಹಗಲಿಗೆ, ಹಗಲಿನಿಂದ ಬೆಳಗಿನ ಜಾವಕ್ಕೆ, ಹೀಗೆ ಸುತ್ತಿ ಬರಲು ಎರಡು ತಿಂಗಳ ಆಸುಪಾಸು ಬೇಕು. ಸಮಭಾಜಕ ವೃತ್ತಕ್ಕೆ ಕಕ್ಷೆಯ ಓರೆ 51.6 ಡಿಗ್ರಿ ಆದ್ದರಿಂದ ಆ ಅಕ್ಷಾಂಶದವರೆಗೆ ಎಲ್ಲರ ನೆತ್ತಿಯ ಮೇಲೂ ಅದು ಹಾಯುತ್ತದೆ.

ನಿಲ್ದಾಣ ಕೈಗೆ ಹತ್ತಿದ ಮೇಲೆ ಚೀನಾದ ಬಾಹ್ಯಾಕಾಶ ನಿಲ್ದಾಣ ತಿಯಾಂಗಾಂಗ್ ಹುಡುಕಿ. 2021ರ ಏಪ್ರಿಲ್‌ನಲ್ಲಿ ಅದರ ಮೊದಲ ಭಾಗ ಮೇಲೇರಿತು. ಕಕ್ಷೆಯ ಓರೆ 41.5 ಡಿಗ್ರಿ, ಹೊಳಪಿನಲ್ಲಿ ಲುಬ್ಧಕಕ್ಕೆ ಸರಿಗಟ್ಟಬಲ್ಲದು. 1990ರಿಂದ ಸುತ್ತುತ್ತಿರುವ ಹಬಲ್ ದೂರದರ್ಶಕದ ಓರೆ 28.5 ಡಿಗ್ರಿ ಮಾತ್ರ. ಸಮಭಾಜಕದಿಂದ ತುಂಬ ದೂರ ಇರುವವರಿಗೆ ಅದು ಸಿಗುವುದೇ ಇಲ್ಲ, ಹತ್ತಿರದವರಿಗೆ ಸಾಧಾರಣ ನಕ್ಷತ್ರದಂತೆ ಕಾಣುತ್ತದೆ. ಸಂಪರ್ಕ ಉಪಗ್ರಹಗಳಿರುವ 35,786 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆ ಬರಿಗಣ್ಣಿನ ಲೆಕ್ಕಕ್ಕಿಲ್ಲ.

ಸಾಲಾಗಿ ದೀಪ ಪೋಣಿಸಿದ ಹಾಗೆ ಹೋಗುವುದು ಸ್ಟಾರ್‌ಲಿಂಕ್. 2019ರ ಮೇ ತಿಂಗಳಲ್ಲಿ ಮೊದಲ 60 ಒಟ್ಟಿಗೆ ಹೋದಾಗ ಎಷ್ಟೋ ಕಡೆ ಜನ ಗಾಬರಿಬಿದ್ದರು. ಹಾರಿಸಿದ ಮೊದಲ ಕೆಲವು ದಿನ ಮಾತ್ರ ಆ ಸಾಲು ಒತ್ತಾಗಿರುತ್ತದೆ. ಆಮೇಲೆ ಒಂದೊಂದೂ ತನ್ನ ಎಂಜಿನ್‌ನಿಂದ ಮೇಲೇರುತ್ತ ಚೆದುರಿ ಮಂಕಾಗುತ್ತದೆ. ದಿನವೂ ಕಕ್ಷೆ ಬದಲಾಗುವುದರಿಂದ ಇವುಗಳ ಸಮಯವನ್ನು ಅಂದಂದೇ ನೋಡಬೇಕು.

ನಮ್ಮ ಪ್ರಕಾರ ಎಲ್ಲಕ್ಕಿಂತ ಸ್ವಾರಸ್ಯದವು ಬಳಸಿ ಬಿಟ್ಟ ರಾಕೆಟ್ ಹಂತಗಳು. ಹಿಡಿತ ತಪ್ಪಿ ಪಲ್ಟಿ ಹೊಡೆಯುತ್ತಿರುವ ಉದ್ದನೆಯ ಕೊಳವೆ ಕೆಲವು ಸೆಕೆಂಡಿಗೊಮ್ಮೆ ಬೆಳಗಿ ಮಂಕಾಗುತ್ತದೆ. ಎರಡು ಬೆಳಗಿನ ನಡುವಿನ ಸೆಕೆಂಡು ಎಣಿಸಿದರೆ ಅದು ಉರುಳುವ ವೇಗದ ಅಂದಾಜು ಸಿಕ್ಕಿತು. ಸುಮಾರು 840 ಕಿ.ಮೀ. ಎತ್ತರದಲ್ಲಿ ಉಳಿದಿರುವ ಹಳೆಯ ಝೆನಿಟ್ ರಾಕೆಟ್ಟಿನ ಹಂತಗಳು ಇದಕ್ಕೆ ಒಳ್ಳೆಯ ಗುರಿ. ಅಂದಹಾಗೆ, 1957ರ ಅಕ್ಟೋಬರ್‌ನಲ್ಲಿ ಸ್ಪುಟ್ನಿಕ್ ಕಂಡೆವು ಎಂದವರಲ್ಲಿ ಹೆಚ್ಚಿನವರು ಕಂಡದ್ದೂ ಅದರ ಹಿಂದೆಯೇ ಕಕ್ಷೆ ಸೇರಿದ್ದ ರಾಕೆಟ್ಟನ್ನೇ. 58 ಸೆಂ.ಮೀ. ಗೋಳ ಬರಿಗಣ್ಣಿಗೆ ದಕ್ಕುವುದು ಕಷ್ಟವಿತ್ತು. ಹಳೆಯ ಲೇಖನಗಳಲ್ಲಿ ಹೊಗಳಿರುವ ಇರಿಡಿಯಂ ಎಂಬ ಫೋನ್ ಉಪಗ್ರಹಗಳ ಮಿಂಚನ್ನು ಮಾತ್ರ ಈಗ ಕಾಯಬೇಡಿ. ಕನ್ನಡಿಯಂಥ ಆಂಟೆನಾ ಇದ್ದ ಆ ಉಪಗ್ರಹಗಳ ಬದಲಿಗೆ 2017ರಿಂದ 2019ರೊಳಗೆ ಹೊಸವು ಬಂದವು, ಅವುಗಳಲ್ಲಿ ಆ ಆಂಟೆನಾ ಇಲ್ಲ.

ಸೋಯುಜ್, ಪ್ರೋಗ್ರೆಸ್, ಡ್ರ್ಯಾಗನ್ ನೌಕೆಗಳು ನಿಲ್ದಾಣ ಸೇರುವ ಅಥವಾ ಬಿಡುವ ದಿನ ಪಾಸ್ ಇದ್ದರೆ ತಪ್ಪಿಸಬೇಡಿ. ದೊಡ್ಡ ಚುಕ್ಕಿಯ ಹಿಂದೆಯೋ ಮುಂದೆಯೋ ಅದೇ ದಾರಿಯಲ್ಲಿ ಮಂಕಾದ ಇನ್ನೊಂದು ಚುಕ್ಕಿ ಸಾಗುತ್ತದೆ. ನಿಲ್ದಾಣ ಬರುವುದಕ್ಕೆ ಐದು ನಿಮಿಷ ಮುಂಚೆ ನೋಡಲು ಶುರುಮಾಡಿ, ಹೋದ ಮೇಲೂ ಐದು ನಿಮಿಷ ನಿಲ್ಲಿ.

ಫೋಟೋ ಬೇಕಿದ್ದರೆ ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಅಗಲ ನೋಟದ ಲೆನ್ಸ್, ಎಫ್/2.8, ಐಎಸ್‌ಒ 800, ತಲಾ 15 ಸೆಕೆಂಡು. ಫೋಕಸ್ ಅನ್ನು ಮೊದಲೇ ಒಂದು ನಕ್ಷತ್ರದ ಮೇಲೆ ಕೂರಿಸಿ ಆಟೋಫೋಕಸ್ ಆರಿಸಿ, ಇಲ್ಲದಿದ್ದರೆ ಕತ್ತಲಲ್ಲಿ ಅದು ತಡಕಾಡುತ್ತಲೇ ಪಾಸ್ ಮುಗಿದಿರುತ್ತದೆ.

ನಿಮಗೆ ಅಂದು ಕಂಡದ್ದು ಯಾವುದು ಎಂದು ಹಿಂದಿನಿಂದಲೂ ಪತ್ತೆ ಮಾಡಬಹುದು. ನಿಮಿಷದ ಮಟ್ಟಿಗೆ ಸಮಯ, ಎಲ್ಲಿಂದ ಎಲ್ಲಿಗೆ ಹೋಯಿತು, ಯಾವ ನಕ್ಷತ್ರದ ಪಕ್ಕ ಹಾಯಿತು, ಎಲ್ಲಿ ಆರಿತು ಇಷ್ಟು ನೆನಪಿದ್ದರೆ ಹೆವನ್ಸ್-ಅಬವ್‌ನಲ್ಲಿ ಆ ದಿನದ ಪಟ್ಟಿ ತೆರೆದು ಹೋಲಿಸಿ. ಮೊದಲು ನಿಲ್ದಾಣದ ಪಟ್ಟಿ ನೋಡಿ, ಅಲ್ಲಿ ಸಿಗದಿದ್ದರೆ ಆ ಸಂಜೆಯ ಎಲ್ಲ ಉಪಗ್ರಹಗಳ ಪಟ್ಟಿ. ಆರಿದ ಜಾಗ ಪಟ್ಟಿಯ ಕೊನೆಯ ಅಂಕಣಕ್ಕೆ ಹೊಂದಿದರೆ ಹೆಸರು ಸಿಕ್ಕಿತೆಂದೇ ಲೆಕ್ಕ.