ತಿಗಣೆ ಹಿಡಿದ ಮನೆಯವರಿಗೆ ಮಹಡಿ ಮೇಲೊಂದು ಮನೆ

ಕಜ್ಜಿಗೆ ಔಷಧ ಬರೆಯಲು ಒಂದು ನಿಮಿಷ ಸಾಕು. ಪರ್ಮೆಥ್ರಿನ್ ಮುಲಾಮು. ಕುತ್ತಿಗೆಯಿಂದ ಪಾದದವರೆಗೆ ರಾತ್ರಿ ಹಚ್ಚಿ, ಬೆಳಿಗ್ಗೆ ಸ್ನಾನ. ವಾರ ಬಿಟ್ಟು ಇನ್ನೊಂದು ಸಲ. ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು, ಹಾಸಿಗೆ ಹೊದಿಕೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಇಷ್ಟು ಹೇಳುವ ಹೊತ್ತಿಗೆ ಎದುರಿಗೆ ಕೂತ ತಾಯಿಯ ಮುಖ ಬದಲಾಗಿರುತ್ತದೆ. ಇರುವುದು ಒಂದು ಕೋಣೆ, ನಲ್ಲಿ ನೀರು ದಿನ ಬಿಟ್ಟು ದಿನ. ಎಲ್ಲಾ ಹೊದಿಕೆ ಒಂದೇ ದಿನ ಒಗೆದರೆ ರಾತ್ರಿ ಹೊದೆಯುವುದೇನು? ಕೆಲವರು ಬಾಯಿಬಿಟ್ಟು ಕೇಳುತ್ತಾರೆ, ಜಾಸ್ತಿ ಜನ ಸುಮ್ನೆ ತಲೆಯಾಡಿಸಿ ಹೋಗುತ್ತಾರೆ. ತಿಂಗಳೊಳಗೆ ಅದೇ ಮಗು, ಅದೇ ಕಜ್ಜಿ.

ಈ ಪ್ರಶ್ನೆಗೆ ಸಿಮೆಂಟು, ಗಾಜಿನಲ್ಲಿ ಉತ್ತರ ಕಟ್ಟಿಕೊಟ್ಟ ಒಂದು ಊರಿದೆ. ಲಂಡನ್ನಿನ ಫಿನ್ಸ್‌ಬರಿ. ಕಟ್ಟಿದ್ದು ಒಂದು ಆರೋಗ್ಯ ಕೇಂದ್ರ, ಕಾಲ 1938.

ಎರಡು ಮಹಾಯುದ್ಧಗಳ ನಡುವೆ ಫಿನ್ಸ್‌ಬರಿ ಲಂಡನ್ನಿನ ಚಿಕ್ಕ ಬರೋಗಳಲ್ಲೊಂದು. ಬರೋ ಅಂದರೆ ತನ್ನದೇ ಕೌನ್ಸಿಲು ಇರುವ ನಗರದ ಭಾಗ. ವಿಸ್ತಾರ ಒಂದು ಚದರ ಮೈಲಿಗೂ ಕಡಿಮೆ, 1931ರಲ್ಲಿ ಜನ ಸುಮಾರು 70,000. ಒಂದು ಕಾಲಕ್ಕೆ ಗಡಿಯಾರ ಮಾಡುವವರು, ಅಚ್ಚುಕೂಟದವರು ನೆಲೆಸಿದ್ದ ಜಾಗ. ಹಳೆಯ ದೊಡ್ಡ ಮನೆಗಳನ್ನು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟು ವಠಾರ ಮಾಡಿದ್ದರು. ಹಲವು ಮನೆಗಳಿಗೆ ಒಂದು ನಲ್ಲಿ, ಒಂದು ಕಕ್ಕಸು. ನೆಲಮಾಳಿಗೆಯ ಗೋಡೆಗಳಲ್ಲಿ ಸದಾ ತೇವ. ಕ್ಷಯ, ಗಂಟಲುಮಾರಿ, ಮಕ್ಕಳ ಕಾಲು ಬಾಗಿಸುವ ರಿಕೆಟ್ಸ್ ಬೆಳೆಯಲು ಬೇಕಾದದ್ದೆಲ್ಲ ಅಲ್ಲಿತ್ತು. ಇಕ್ಕಟ್ಟು ತಪ್ಪಿಸಲು 1935ರಲ್ಲಿ ಬ್ರಿಟನ್ನಿನ ಸರ್ಕಾರ ಕಾಯ್ದೆಯನ್ನೂ ತಂದಿತು. ಅದರ ಲೆಕ್ಕ ನೋಡಿ: ಒಂದು ವರ್ಷದೊಳಗಿನ ಕೂಸು ಲೆಕ್ಕಕ್ಕಿಲ್ಲ, ಹತ್ತು ವರ್ಷದೊಳಗಿನ ಮಗು ಅರ್ಧ ಆಳು, ಕೂರುವ ಕೋಣೆಯೂ ಮಲಗುವ ಕೋಣೆಯೇ. ಇಷ್ಟು ಸಡಿಲ ಬಿಟ್ಟ ಮೇಲೂ ಲಂಡನ್ನಿನ ಎಷ್ಟೋ ಮನೆಗಳು ಆ ಲೆಕ್ಕದಲ್ಲಿ ಪಾಸಾಗಲಿಲ್ಲ.

1934ರ ಚುನಾವಣೆಯಲ್ಲಿ ಫಿನ್ಸ್‌ಬರಿ ಕೌನ್ಸಿಲು ಲೇಬರ್ ಪಕ್ಷದ ಕೈಗೆ ಬಂತು. ಆರೋಗ್ಯ ಸಮಿತಿಗೆ ಅಧ್ಯಕ್ಷರಾದವರು ಒಬ್ಬ ಭಾರತೀಯ ವೈದ್ಯ, ಚುನಿಲಾಲ್ ಕಾಟಿಯಾಲ್. ಪಂಜಾಬಿನಲ್ಲಿ ಹುಟ್ಟಿ, ಲಾಹೋರಿನಲ್ಲಿ ಓದಿದವರು. ಮೊದಲು ಲಂಡನ್ನಿನ ಪೂರ್ವದ ಬಡ ಬಡಾವಣೆ ಕ್ಯಾನಿಂಗ್ ಟೌನ್‌ನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದರು. 1931ರಲ್ಲಿ ಗಾಂಧೀಜಿ ಮತ್ತು ಚಾರ್ಲಿ ಚಾಪ್ಲಿನ್ ಭೇಟಿಯಾದದ್ದು ಇವರ ಮನೆಯಲ್ಲೇ. ಅವರ ನೆನಪು ಬಂದಾಗೆಲ್ಲ ಜನ ಆ ಭೇಟಿಯ ಫೋಟೋ ಒಂದನ್ನೇ ತೋರಿಸುತ್ತಾರೆ. ನನಗೆ ಅವರ ಸಮಿತಿಯ ಕೆಲಸವೇ ದೊಡ್ಡದು.

ಟೆಕ್ಟನ್ ಎಂಬ ವಾಸ್ತುಶಿಲ್ಪಿಗಳ ತಂಡ 1932ರಲ್ಲಿ ಒಂದು ಕ್ಷಯ ಚಿಕಿತ್ಸಾಲಯದ ಮಾದರಿ ಮಾಡಿ ಪ್ರದರ್ಶನಕ್ಕಿಟ್ಟಿತ್ತು. ಅದು ಕಾಟಿಯಾಲರ ಮನಸ್ಸಿನಲ್ಲಿ ಉಳಿದಿತ್ತು. ತಂಡದ ಮುಖ್ಯಸ್ಥ ಬರ್ಥೋಲ್ಡ್ ಲುಬೆಟ್ಕಿನ್ ಜಾರ್ಜಿಯಾದಲ್ಲಿ ಹುಟ್ಟಿದವರು. ಲಂಡನ್ ಮೃಗಾಲಯದ ಪೆಂಗ್ವಿನ್‌ಗಳಿಗೆ ಚೆಂದದ ಕೊಳ ಕಟ್ಟಿ ಹೆಸರು ಮಾಡಿದ್ದರು. ಪೆಂಗ್ವಿನ್‌ಗೆ ಕಟ್ಟಿದವರು ಬಡವರಿಗೂ ಕಟ್ಟಬಹುದಲ್ವಾ! ಫಿನ್ಸ್‌ಬರಿ ಆರೋಗ್ಯ ಕೇಂದ್ರದ ಕೆಲಸ ಈ ತಂಡಕ್ಕೇ ಸಿಕ್ಕಿತು. ಪೈನ್ ಸ್ಟ್ರೀಟ್‌ನಲ್ಲಿ ಕಟ್ಟಡ ಎದ್ದಿತು, 1938ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು. ಅದೇ ವರ್ಷ ಕಾಟಿಯಾಲ್ ಫಿನ್ಸ್‌ಬರಿಯ ಮೇಯರ್ ಆದರು.

ವಾಸ್ತುಶಿಲ್ಪದವರು ಈ ಕಟ್ಟಡದ ಬಾಗಿದ ಮುಂಗೋಡೆ, ಗಾಜಿನ ಇಟ್ಟಿಗೆ, ಬೆಳಕಿಗೆ ತೆರೆದುಕೊಂಡ ಎರಡು ರೆಕ್ಕೆಗಳನ್ನು ಹೊಗಳುತ್ತಾರೆ. ಆರೋಗ್ಯ ಅಧಿಕಾರಿಯಾಗಿ ಕೆಲಸ ಮಾಡಿದ ನನ್ನ ಕಣ್ಣು ಹೋಗುವುದು ಬೇರೆ ಕಡೆಗೆ. ಅಲ್ಲಿ ಕ್ಷಯ ಚಿಕಿತ್ಸಾಲಯವಿತ್ತು, ಹಲ್ಲಿನ ವೈದ್ಯರಿದ್ದರು, ಪಾದದ ಚಿಕಿತ್ಸೆಯಿತ್ತು, ಹೆಂಗಸರ ಕ್ಲಿನಿಕ್ ಇತ್ತು. ಉಪನ್ಯಾಸದ ಸಭಾಂಗಣವಿತ್ತು, ಶವಾಗಾರವೂ ಇತ್ತು. ಒಳಗಿನ ಗೋಡೆಗಳ ಮೇಲೆ ಕಟ್ಟಡದ ಭಾರವಿರಲಿಲ್ಲ, ಹಾಗಾಗಿ ನಾಳೆ ಬೇಕೆಂದರೆ ಕೋಣೆಗಳನ್ನು ಬದಲಿಸಬಹುದಿತ್ತು. ನೀರು, ವಿದ್ಯುತ್ತಿನ ಪೈಪುಗಳನ್ನು ಗೋಡೆ ಒಡೆಯದೆ ರಿಪೇರಿ ಮಾಡಬಹುದಿತ್ತು. ಸರ್ಕಾರಿ ಆಸ್ಪತ್ರೆಯ ಗೋಡೆಯಲ್ಲಿ ಸೋರುವ ಪೈಪಿಗಾಗಿ ಅರ್ಜಿ ಬರೆದವರಿಗೆ ಇದರ ಬೆಲೆ ಗೊತ್ತು.

ಆದರೆ ನಿಜವಾದ ಜಾಣತನ ಇದ್ದದ್ದು ಕೆಳಗೆ ಮತ್ತು ಮೇಲೆ. ಕೆಳಗೆ ಸೋಂಕು ತೊಳೆಯುವ ವಿಭಾಗ. ಹಾಸಿಗೆ, ಬಟ್ಟೆ ಅಲ್ಲಿಗೆ ಬಂದು ಶುದ್ಧವಾಗಿ ಹಿಂದಿರುಗುತ್ತಿದ್ದವು. ಮೇಲೆ, ಮಹಡಿಯಲ್ಲಿ, ಕೆಲವು ಪುಟ್ಟ ಮನೆಗಳು. ರೋಗಿಗಳಿಗಲ್ಲ, ಡಾಕ್ಟರಿಗೂ ಅಲ್ಲ. ಯಾರ ಮನೆಗೆ ಇಲಾಖೆಯವರು ಔಷಧ ಹೊಡೆಯುತ್ತಾರೋ ಆ ಸಂಸಾರ ಅಷ್ಟು ದಿನ ಉಳಿದುಕೊಳ್ಳಲು.

ಇದು ಯಾಕೆ ಮುಖ್ಯ? ಆಗಿನ ಇಂಗ್ಲೆಂಡಿನ ಹಳೆಯ ಬಡಾವಣೆಗಳಲ್ಲಿ ತಿಗಣೆ ಕಾಟ ಎಷ್ಟಿತ್ತೆಂದರೆ ಆರೋಗ್ಯ ಮಂತ್ರಾಲಯ 1934ರಲ್ಲಿ ಅದರ ಮೇಲೇ ಒಂದು ವರದಿ ಹೊರಡಿಸಿತು. ಡಿಡಿಟಿ ಎಂಬ ಕೀಟನಾಶಕ ಇನ್ನೂ ಬಂದಿರಲಿಲ್ಲ. ಗೋಡೆ ಕಾಗದದ ಹಿಂದೆ, ಮಂಚದ ಸಂದಿಯಲ್ಲಿ ಅಡಗಿದ ತಿಗಣೆಗೆ ಗಟ್ಟಿ ಮದ್ದೆಂದರೆ ಹೈಡ್ರೋಜನ್ ಸಯನೈಡ್ ಅನಿಲ. ಅದು ಮನುಷ್ಯರನ್ನೂ ಕೊಲ್ಲುತ್ತದೆ. ಹಾಸಿಗೆ ಅದನ್ನು ಹೀರಿಕೊಂಡು ಆಮೇಲೆ ಬಿಡುತ್ತದೆ, ಸರಿಯಾಗಿ ಗಾಳಿಗೆ ಹಾಕದೆ ಮಲಗಿದರೆ ಸಾವು. ಅಂದರೆ ಮನೆ ಖಾಲಿ ಮಾಡಲೇಬೇಕು. ಬಡವರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಹೋಗಲು ಜಾಗವಿಲ್ಲದವರು ಇನ್‌ಸ್ಪೆಕ್ಟರಿಗೆ ಬಾಗಿಲು ತೆರೆಯುವುದಿಲ್ಲ, ತಿಗಣೆ ಇಲ್ಲವೆಂದೇ ಹೇಳುತ್ತಾರೆ. ಆ ಮಹಡಿ ಮನೆಗಳು ಈ ಸುಳ್ಳಿನ ಅಗತ್ಯವನ್ನೇ ತೆಗೆದುಹಾಕುವಂಥವು. ಜಾಗೃತಿ ಕಾರ್ಯಕ್ರಮದ ಹೆಸರಿನಲ್ಲಿ ನಾವು ಹಂಚುವ ಕರಪತ್ರಗಳಿಗೆ ಆ ಶಕ್ತಿ ಇಲ್ಲ.

ಅಲ್ಲಿದ್ದ ಎಲ್ಲವೂ ಸರಿಯಾದ ವೈದ್ಯವೇ ಎಂದಲ್ಲ. ಸೋಲೇರಿಯಂ ಎಂಬ ಕೃತಕ ಬಿಸಿಲಿನ ಕೋಣೆ ಆಗ ದೊಡ್ಡ ಹೆಮ್ಮೆಯಾಗಿತ್ತು. ದೀಪಗಳ ಮುಂದೆ ಮಕ್ಕಳನ್ನು ಕನ್ನಡಕ ಹಾಕಿ ಕೂರಿಸುತ್ತಿದ್ದರು. ಕಲ್ಲಿದ್ದಲ ಹೊಗೆ ತುಂಬಿದ ಲಂಡನ್ನಿನಲ್ಲಿ ರಿಕೆಟ್ಸ್‌ಗೆ ಇದರಿಂದ ನಿಜಕ್ಕೂ ಉಪಯೋಗವಿತ್ತು, ಆ ಬೆಳಕಿನಿಂದ ಚರ್ಮದಲ್ಲಿ ವಿಟಮಿನ್ ಡಿ ಆಗುತ್ತದೆ. ಚರ್ಮದ ಕ್ಷಯಕ್ಕೂ ಗುಣವಿತ್ತು, ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಅದಕ್ಕೇ 1903ರಲ್ಲಿ ನೊಬೆಲ್ ಪಡೆದರು. ಶ್ವಾಸಕೋಶದ ಕ್ಷಯಕ್ಕೆ ಮಾತ್ರ ಅದು ಮದ್ದಲ್ಲ. ಕ್ಷಯಕ್ಕೆ ನಾಟುವ ಔಷಧ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದೇ 1943ರಲ್ಲಿ. ಅಲ್ಲಿಯವರೆಗೆ ಕ್ಷಯದ ವೈದ್ಯರು ಮುಖ್ಯವಾಗಿ ಮಾಡಬಹುದಾಗಿದ್ದು ರೋಗಿಯನ್ನು ಬೇಗ ಗುರುತಿಸುವುದು, ಬೇರೆ ಮಲಗಿಸುವುದು, ಕಿಟಕಿ ತೆರೆಸುವುದು, ಅವರ ಜೊತೆ ಮಲಗುವವರನ್ನು ಪರೀಕ್ಷಿಸುವುದು. ಕೊನೆಯದನ್ನು ನಾವು ಇಂದಿಗೂ ಮಾಡಬೇಕು, ಅರೆಮನಸ್ಸಿನಿಂದ ಮಾಡುತ್ತೇವೆ.

ಫಿನ್ಸ್‌ಬರಿ ಒಂದೇ ಅಲ್ಲ. ಥೇಮ್ಸ್ ನದಿಯ ದಕ್ಷಿಣಕ್ಕಿದ್ದ ಬರ್ಮಂಡ್ಸಿ ಬರೋ ಆರೋಗ್ಯದ ಸಿನಿಮಾಗಳನ್ನು ತಾನೇ ತೆಗೆದು, ವ್ಯಾನಿನಲ್ಲಿ ಬೀದಿ ಬೀದಿಗೆ ಒಯ್ದು ತೋರಿಸುತ್ತಿತ್ತು. ಡಾಕ್ಟರ್ ಆಲ್ಫ್ರೆಡ್ ಸಾಲ್ಟರ್ ಮತ್ತು ಅವರ ಹೆಂಡತಿ ಏಡಾ ಅಲ್ಲಿ ಬಡವರ ನಡುವೆಯೇ ಬಾಳಿದರು. ಅವರ ಒಬ್ಬಳೇ ಮಗಳು 1910ರಲ್ಲಿ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡಳು. ಆಮೇಲೂ ಊರು ಬಿಡಲಿಲ್ಲ. ಅವರದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಇವೆಲ್ಲ ಸಾಧ್ಯವಾದದ್ದಕ್ಕೆ ಒಂದು ಆಡಳಿತದ ಕಾರಣವೂ ಇದೆ. ಬ್ರಿಟನ್ನಿನಲ್ಲಿ 1919ರಲ್ಲಿ ಹುಟ್ಟಿದ ಆರೋಗ್ಯ ಮಂತ್ರಾಲಯದ ಕೈಯಲ್ಲೇ ವಸತಿಯೂ ಇತ್ತು. 1946ರಲ್ಲಿ ಫಿನ್ಸ್‌ಬರಿಯ ಸ್ಪಾ ಗ್ರೀನ್ ವಸತಿ ಸಮುಚ್ಚಯಕ್ಕೆ ಅಡಿಗಲ್ಲು ಹಾಕಿದವರು ಆರೋಗ್ಯ ಮಂತ್ರಿ ಅನೈರಿನ್ ಬೆವನ್. ಬರೋ ಮಟ್ಟದಲ್ಲಿಯೂ ಹಾಗೆಯೇ. ಕ್ಷಯ ರೋಗಿಯ ಮನೆ, ಚರಂಡಿ, ಹಾಸಿಗೆ ಎಲ್ಲಕ್ಕೂ ಉತ್ತರ ಹೇಳಬೇಕಾದವರು ಒಬ್ಬರೇ ವೈದ್ಯಾಧಿಕಾರಿ. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದಾಗ ಆಸ್ಪತ್ರೆ, ವೈದ್ಯರು ಒಂದು ಕಡೆಯಾದರು, ಚರಂಡಿ ಇನ್‌ಸ್ಪೆಕ್ಟರು ಇನ್ನೊಂದು ಕಡೆ ಉಳಿದರು. 1974ರಲ್ಲಿ ಆ ವೈದ್ಯಾಧಿಕಾರಿಯ ಹುದ್ದೆಯೇ ಹೋಯಿತು. ಉಚಿತ ಚಿಕಿತ್ಸೆ ಬಹಳ ದೊಡ್ಡ ಲಾಭ, ನಿಜ. ಕಳೆದುಕೊಂಡದ್ದೂ ಚಿಕ್ಕದಲ್ಲ.

ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಒಂದೇ ಬೀದಿಯಿಂದ ಟೈಫಾಯ್ಡ್ ರೋಗಿಗಳು ಬರತೊಡಗಿದರು. ಕುಡಿಯುವ ನೀರಿನ ಪೈಪು ಕಟ್ಟಿಕೊಂಡ ಒಳಚರಂಡಿಯ ಪಕ್ಕದಲ್ಲೇ ಹಾದುಹೋಗಿತ್ತು. ಪೈಪು ಒಬ್ಬರದು, ಚರಂಡಿ ಇನ್ನೊಬ್ಬರದು, ಅಗೆಯಲು ಅನುಮತಿ ಕೊಡುವ ರಸ್ತೆ ಮತ್ತೊಬ್ಬರದು. ರೋಗಿಗಳು ಮಾತ್ರ ನಮ್ಮವರು. ಆ್ಯಂಟಿಬಯೋಟಿಕ್ ಕೊಡುತ್ತಾ, ನೀರು ಕುದಿಸಿ ಕುಡಿಯಿರಿ ಎನ್ನುತ್ತಾ ಪತ್ರ ಬರೆಯುತ್ತಾ ಕೂತೆವು.

ಕಾಟಿಯಾಲ್ 1948ರಲ್ಲಿ ಭಾರತಕ್ಕೆ ಬಂದರು. ನಮ್ಮ ಕಾರ್ಮಿಕರು ಇಂದಿಗೂ ಕಾರ್ಡು ಹಿಡಿದು ಹೋಗುವ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ನಿಗಮಕ್ಕೆ ಮಹಾನಿರ್ದೇಶಕರಾದರು. 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಯೋಜನೆ ಶುರುವಾಯಿತು. ಬೆಂಗಳೂರಿಗೆ ಬಂದದ್ದು 1958ರಲ್ಲಿ. ಅದರ ಚೌಕಟ್ಟನ್ನು ಅವರು ಹಾಕಿದ್ದಲ್ಲ. ಅರ್ಥಶಾಸ್ತ್ರಜ್ಞ ಬಿ.ಪಿ. ಅದಾರ್ಕರ್ 1944ರಲ್ಲಿ ಕೊಟ್ಟ ವರದಿಯ ಬೆನ್ನಿಗೆ ಕಾಯ್ದೆ ಆಗಲೇ ಸಿದ್ಧವಾಗಿತ್ತು. ಸಂಬಳದಿಂದ ವಂತಿಗೆ, ವಂತಿಗೆ ಕಟ್ಟಿದವರಿಗೆ ಚಿಕಿತ್ಸೆ. ಇಎಸ್‌ಐ ಇನ್‌ಸ್ಪೆಕ್ಟರು ಹೋಗುತ್ತಿದ್ದದ್ದು ಕಾರ್ಖಾನೆಗೆ, ಸಂಬಳದ ಪುಸ್ತಕ ನೋಡಲು. ಕಾರ್ಮಿಕರ ವಠಾರಕ್ಕೆ ಹೋಗಿ ನಲ್ಲಿ ಎಷ್ಟಿವೆ ಎಂದು ನೋಡುವ ಕೆಲಸ ಆ ಕಾಯ್ದೆಯಲ್ಲಿರಲಿಲ್ಲ. ಫಿನ್ಸ್‌ಬರಿಯಲ್ಲಿ ಮಹಡಿ ಮನೆಗಳನ್ನು ಕಟ್ಟಿಸಿದ ಮನುಷ್ಯನಿಗೆ ಇದು ಕಂಡಿರಲಾರದು ಎಂದು ನನಗನ್ನಿಸುವುದಿಲ್ಲ.